ಚಿಮಟಾ ಬದಲಿಸಿದ ಚಳಿಗಾಲ

ನನ್ನ ಸೈಕಲ್ಲಿನ ಮುಂದಿನ ಚಿಮಟಾ ಕೆಟ್ಟಿದೆ ಎಂದು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು. ಮುಂದಿನ ಗಾಲಿಯನ್ನು ಎರಡೂ ಬದಿಯಿಂದ ಹಿಡಿದುಕೊಂಡಿರುವ ಎರಡು ಕಾಲಿನ ಭಾಗಕ್ಕೆ ನಮ್ಮ ಕಡೆ ಚಿಮಟಾ ಎನ್ನುತ್ತಾರೆ. ಸಾದಾ ಸೈಕಲ್ಲಿನಲ್ಲಿ ಅದು ಬರೀ ಕಬ್ಬಿಣ. ಗುಡ್ಡ ಹತ್ತುವ ಸೈಕಲ್ಲುಗಳಲ್ಲಿ ಅದರೊಳಗೆ ಶಾಕಪ್ ಇರುತ್ತದೆ. ತಗ್ಗು ಬಂದಾಗ ಕುಗ್ಗುತ್ತದೆ, ಮತ್ತೆ ಏಳುತ್ತದೆ. ನನ್ನದು ಕುಗ್ಗುತ್ತಿರಲಿಲ್ಲ. ಗಟ್ಟಿಮುಟ್ಟಾಗಿದೆ ಎಂದುಕೊಂಡಿದ್ದೆ.

ನಾನು ಹುಮನಾಬಾದಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಸೈಕಲ್ ಕೊಂಡದ್ದು ಒಬ್ಬ ಅಧಿಕಾರಿಯಿಂದ. ಅವರಿಗೆ ವರ್ಗವಾಗಿತ್ತು, ಲಾರಿಯಲ್ಲಿ ಸೈಕಲ್ಲಿಗೆ ಜಾಗ ಸಾಲಲಿಲ್ಲ. ಹುಮನಾಬಾದಿನ ಸುತ್ತ ಹೇಳಿಕೊಳ್ಳುವಂಥ ಗುಡ್ಡ ಇಲ್ಲ ಎಂಬುದು ಅವರಿಗೆ ತಡವಾಗಿ ಗೊತ್ತಾಗಿರಬೇಕು, ಟೈರಿನ ಮೇಲಿನ ಹಲ್ಲುಗಳು ಒಂದೂ ಸವೆದಿರಲಿಲ್ಲ. ನಾನು ದಿನಾ ಬೆಳಿಗ್ಗೆ ಹುಡಗಿ ಊರಿನ ಕಡೆ ಹೊರಟು, ಡಾಂಬರು ಬಿಟ್ಟು, ಹೊಲಗಳ ನಡುವಿನ ಗಾಡಿ ದಾರಿ ಹಿಡಿಯುತ್ತಿದ್ದೆ. ಮಳೆಗಾಲ ಮುಗಿದ ಮೇಲೆ ಎರೆ ಮಣ್ಣು ಒಣಗಿ ಕಲ್ಲಾಗುತ್ತದೆ. ಟ್ರ್ಯಾಕ್ಟರಿನ ಗಾಲಿ ಎಲ್ಲಿ ಹೂತಿತ್ತೋ ಆ ಅಚ್ಚು ಮುಂದಿನ ಮಳೆಯವರೆಗೆ ಹಾಗೇ ಇರುತ್ತದೆ. ಅದರ ಮೇಲೆ ಸೈಕಲ್ ಹೊಡೆದರೆ ಹಲ್ಲು ಕಟಕಟ ಎನ್ನುತ್ತವೆ. ವ್ಯಾಯಾಮ ಎಂದರೆ ಹೀಗೇ ಇರುತ್ತದೆ ಎಂದು ನಾನು ಮಕ್ಕಳಿಗೂ ಹೇಳುತ್ತಿದ್ದೆ.

ಮೂರನೆಯ ಚಳಿಗಾಲದಲ್ಲಿ ಬಲಗೈ ಮಣಿಕಟ್ಟು ಹಿಡಿದುಕೊಂಡಿತು. ಮೊದಲು ಹಾಜರಿ ಬರೆಯುವಾಗ ನೋಯಿತು. ಆಮೇಲೆ ಚಹಾದ ಕಪ್ಪು ಎತ್ತುವಾಗ ನೋಯಿತು. ಮನೆಯವರು, ಅಂದರೆ ನನ್ನ ಗಂಡ, ಔಷಧ ಅಂಗಡಿ ಇಟ್ಟಿದ್ದಾರೆ, ಹೆಚ್ಚು ಮಾತಿನವರಲ್ಲ. ಒಂದು ಸಂಜೆ ಅಂಗಡಿಯಿಂದ ಕೈಪಟ್ಟಿ ತಂದು ಮೇಜಿನ ಮೇಲಿಟ್ಟರು. ಅದರಿಂದ ಕೆಲಸವಾಗದಿದ್ದಾಗ ವೈದ್ಯರ ಹತ್ತಿರ ಕರೆದೊಯ್ದರು. ವೈದ್ಯರು ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಸೈಕಲ್ ಬಿಡಬೇಕು ಎಂದರು. ಬೇರೆ ಏನಾದರೂ ಬಿಡಬಹುದೇ ಎಂದು ಕೇಳಿದೆ. ಅವರು ಮನೆಯವರ ಮುಖ ನೋಡಿದರು. ಮನೆಯವರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು.

ಮರುದಿನ ಸೈಕಲ್ಲನ್ನು ಊರಿನ ಅಂಗಡಿಗೆ ಒಯ್ದೆ. ಅಂಗಡಿಯವ ಹ್ಯಾಂಡಲ್ಲಿನ ಮೇಲೆ ಎರಡೂ ಕೈಯಿಟ್ಟು ಮೈಭಾರ ಬಿಟ್ಟ. ಅವನೂ ಸೈಕಲ್ಲೂ ಹಾಗೇ ನಿಂತರು. ಇದು ಜಾಮ್ ಆಗಿ ಬಹಳ ದಿನವಾಗಿದೆ, ಹೊಸ ಸೈಕಲ್ ತಗೊಳ್ಳುವುದೇ ಒಳ್ಳೆಯದು ಎಂದ. ನಾನು ಒಪ್ಪಲಿಲ್ಲ. ಹಾಗಿದ್ದರೆ ಬಸವಕಲ್ಯಾಣಕ್ಕೆ ಹೋಗಿ, ಕೋಟೆಯ ಕಡೆಯ ಓಣಿಯಲ್ಲಿ ಮೋಟರ್‌ಸೈಕಲ್ಲುಗಳ ಶಾಕಪ್ ಬಿಚ್ಚುವ ಒಬ್ಬ ಹಿರಿಯರಿದ್ದಾರೆ, ಅವರಿಗೆ ತಿಳಿಯದ ಶಾಕಪ್ ಇಲ್ಲ ಎಂದು ದಾರಿ ಹೇಳಿದ.

ಭಾನುವಾರ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದೆ. ಸೈಕಲ್ ಇದ್ದೂ ಬಸ್ಸಿನಲ್ಲಿ ಯಾಕೆ ಬರುತ್ತೀರಿ ಎಂದು ಕಂಡಕ್ಟರ್ ಕೇಳಿದರು. ಕೈ ನೋವು ಎಂದೆ. ಸೈಕಲ್ ತುಳಿಯುವುದು ಕಾಲಿನಿಂದಲ್ಲವೇ ಎಂದು ಅವರು ಕಲ್ಯಾಣದವರೆಗೂ ಯೋಚಿಸುತ್ತಿದ್ದಂತೆ ಕಂಡಿತು.

ಅಂಗಡಿ ಎಂದರೆ ಮನೆಯ ಮುಂದಿನ ಒಂದು ಕೋಣೆ. ಹಿಂದಿನ ಬಾಗಿಲಿಗೆ ಪರದೆ, ಪರದೆಯ ಆಚೆ ಮನೆ. ಅರವತ್ತೆಂಟರ ಸುಮಾರಿನ ತೆಳ್ಳನೆಯ ಮನುಷ್ಯ, ಬಿಳಿ ಗಡ್ಡ, ಕನ್ನಡಕಕ್ಕೆ ದಾರ ಕಟ್ಟಿದ್ದರು. ಓಣಿಯವರೆಲ್ಲ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಗಾಲಿ ಕಳಚಿ, ಚಿಮಟಾ ಹೊರತೆಗೆದು, ಬಟ್ಟೆ ಹಾಸಿದ ಹಲಗೆಯ ಮೇಲೆ ಮಲಗಿಸಿದರು. ತಳದ ಬೋಲ್ಟು ಬಿಚ್ಚಿದಾಗ ಒಂದು ಕಾಲಿನಿಂದ ಕೆಂಪು ನೀರು ಬಂತು. ಆಮೇಲೆ ಎರಡು ತುಂಡಾದ ಸ್ಪ್ರಿಂಗು ಬಂತು. ಇನ್ನೊಂದು ಕಾಲನ್ನು ಬಗ್ಗಿಸಿದರು. ಏನೂ ಬರಲಿಲ್ಲ.

"ಈ ಕಾಲಾಗ ಏನೂ ಇಲ್ರಿ ಮೇಡಂ."

ಬಿದ್ದುಹೋಗಿದೆಯೇ ಎಂದು ಕೇಳಿದೆ.

"ಬಿದ್ದಿಲ್ಲ. ಮೊದಲಿಂದ ಖಾಲಿನೇ ಅದ. ಅಗ್ಗದ ಮಾಲ್‌ನ್ಯಾಗ ಒಂದೇ ಕಾಲು ಕೆಲಸ ಮಾಡ್ತದ. ಇನ್ನೊಂದು ಜೋಡಿಗಿ ಇರ್ತದ."

ಮೂರು ವರ್ಷ ನಾನು ಈ ಸೈಕಲ್ಲಿನ ಬಗ್ಗೆ ಶಿಕ್ಷಕರ ಕೊಠಡಿಯಲ್ಲಿ ಆಡಿದ ಮಾತುಗಳು ಒಂದೊಂದಾಗಿ ನೆನಪಾದವು. ಸ್ಪ್ರಿಂಗ್ ಬೇರೆ ಹಾಕಬಹುದೇ ಎಂದೆ. ಕಾಲಿನ ಒಳಮೈ ತುಕ್ಕು ತಿಂದಿದೆ, ಹಾಕಿದರೂ ಆರು ತಿಂಗಳು, ಬೇರೆ ಚಿಮಟಾ ತರಿಸಿ ಎಂದರು. ಯಾವುದು ಎಂದು ಕೇಳಿದ್ದಕ್ಕೆ, ಸೈಕಲ್ಲಿನದು ತಾನು ಹೆಚ್ಚು ಮಾಡಿದವನಲ್ಲ, ನೀವು ಓದಿಕೊಂಡು ಬನ್ನಿ, ನಾನು ಅಳತೆ ತೆಗೆದಿಡುತ್ತೇನೆ ಎಂದರು. ಸೈಕಲ್ ಅಲ್ಲೇ ಬಿಟ್ಟು ಬಂದೆ.

ಹದಿನೈದು ದಿನ ಬಿಡುವಿನ ಪೀರಿಯಡ್ಡುಗಳಲ್ಲಿ ಮೊಬೈಲಿನಲ್ಲಿ ಓದಿದೆ. ಸ್ಪ್ರಿಂಗಿನ ಚಿಮಟಾ ಭಾರ, ಆದರೆ ತಕರಾರು ಕಡಿಮೆ. ಹವಾ ತುಂಬುವ ಚಿಮಟಾ ಹಗುರ, ಸವಾರನ ತೂಕಕ್ಕೆ ತಕ್ಕಂತೆ ಹವಾ ಹೆಚ್ಚುಕಡಿಮೆ ಮಾಡಬಹುದು, ಆದರೆ ಆಗಾಗ ನೋಡಿಕೊಳ್ಳಬೇಕು. ಎಷ್ಟು ಕುಗ್ಗಬೇಕು ಎಂಬುದು ಇನ್ನೊಂದು ಪ್ರಶ್ನೆ. ವಿಡಿಯೋಗಳಲ್ಲಿ ಯಾವುದೋ ದೇಶದ ಕಾಡಿನೊಳಗೆ ಬಂಡೆಯಿಂದ ಬಂಡೆಗೆ ಹಾರುವವರು, ನೂರಾ ನಲವತ್ತು ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಉಪಯೋಗವಿಲ್ಲ ಎಂದು ಹೇಳುತ್ತಿದ್ದರು. ನೋಡುತ್ತ ನೋಡುತ್ತ ನನಗೂ ಹಾಗೇ ಅನಿಸತೊಡಗಿತು. ಹುಡಗಿಯ ದಾರಿಯಲ್ಲಿ ನಾನು ಅದುವರೆಗೆ ಹಾರಿದ್ದು ಒಂದೇ ಸಲ, ಅದೂ ಎಮ್ಮೆ ಅಡ್ಡ ಬಂದಾಗ.

ಮತ್ತೆ ಕಲ್ಯಾಣಕ್ಕೆ ಹೋಗಿ ನೂರಾ ನಲವತ್ತರ ಹವಾ ಚಿಮಟಾ ಬೇಕು ಎಂದು ಹೇಳಿದೆ. ಚಾಚಾ ಹಳೆಯ ಚಿಮಟಾ ತಾತ್ಕಾಲಿಕವಾಗಿ ಸಿಕ್ಕಿಸಿ, ಮುಂದಿನ ಗಾಲಿಯ ಕೆಳಗೆ ಇಟ್ಟಿಗೆಯ ಒಂದು ಚಪ್ಪಟೆ ತುಂಡು ಇಟ್ಟು ಕುಳಿತುಕೊಳ್ಳಿ ಎಂದರು. ಸೈಕಲ್ಲಿನ ಮೂತಿ ಮೇಲಾಯಿತು. ನಮ್ಮ ಮುಖ್ಯೋಪಾಧ್ಯಾಯರು ಊಟವಾದ ಮೇಲೆ ಕುರ್ಚಿಯಲ್ಲಿ ಒರಗುವ ಹಾಗೆ ನಾನು ಹಿಂದಕ್ಕೆ ವಾಲಿದೆ. ನಿಮ್ಮ ಸೈಕಲ್ಲನ್ನು ನೂರರ ಲೆಕ್ಕದಲ್ಲಿ ಮಾಡಿದ್ದಾರೆ, ನಲವತ್ತು ಏರಿಸಿದರೆ ದಿನಾ ಹೀಗೆ ಕೂರಬೇಕಾಗುತ್ತದೆ ಎಂದರು. ಆಮೇಲೆ ನಾನು ಹೋಗುವ ದಾರಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಗ್ಗು ಎಷ್ಟಿದೆ ಎಂದು ಕೇಳಿದರು. ಒಂದು ಗೇಣು ಎಂದು ಕೈಯಲ್ಲಿ ತೋರಿಸಿದೆ. ಅದನ್ನು ದಾಟುವಾಗ ಏನು ಮಾಡುತ್ತೀರಿ ಎಂದರು. ಇಳಿದು ನಡೆಯುತ್ತೇನೆ ಎಂದೆ. ನೂರು ಸಾಕು ಎಂದು ಇಬ್ಬರಿಗೂ ಗೊತ್ತಾಯಿತು.

ಹವಾದ ಚಿಮಟಾ ತರಿಸುವುದಾದರೆ ತೂಕ ಗೊತ್ತಿರಬೇಕಿತ್ತು.

"ನಿಮ್ಮ ವಜನ್ ಎಷ್ಟ್ರಿ?"

ಅರವತ್ತಾರು ಎಂದೆ.

ಚಾಚಾ ಕನ್ನಡಕದ ಮೇಲಿನಿಂದ ನೋಡಿದರು. "ಇದು ಯಾವಾಗಿಂದ್ರಿ?"

ಅದು ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಬರೆಸಿದ್ದು. ಆ ವರ್ಷದ ಮಕ್ಕಳಿಗೆ ಈಗ ಮಕ್ಕಳಾಗಿವೆ. ಚಾಚಾ ನನ್ನನ್ನು ಎದುರಿನ ಅಡತಿ ಅಂಗಡಿಗೆ ಕರೆದುಕೊಂಡು ಹೋದರು. ತೊಗರಿ ಚೀಲಗಳನ್ನು ತೂಗುವ ದೊಡ್ಡ ಕಾಟಾ ಅಲ್ಲಿತ್ತು. ಅಡತಿ ಶೆಟ್ಟರು ಒಂದು ಚೀಲ ಸರಿಸಿ ಜಾಗ ಮಾಡಿಕೊಟ್ಟರು. ನಾನು ಏರಿ ನಿಂತೆ, ಎಪ್ಪತ್ನಾಲ್ಕು ಎಂದು ತೋರಿಸಿತು. ಶೆಟ್ಟರು ರೂಢಿಯಂತೆ, ಚೀಲದ್ದು ಒಂದು ಕಿಲೋ ತೆಗೆಯಿರಿ ಎಂದರು. ಯಾರೂ ನಗಲಿಲ್ಲ. ಚಾಚಾ ಬೀಡಿ ಕಟ್ಟಿನ ಕಾಗದದ ಮೇಲೆ ಎಪ್ಪತ್ತಮೂರು ಎಂದು ಬರೆದುಕೊಂಡರು. ಅದೇ ಕಾಗದದ ಮೇಲೆ ಗಾಲಿಯ ಅಳತೆ, ಅದು ತಿರುಗುವ ಇರಸಿನ ದಪ್ಪ, ಡಿಸ್ಕ್ ಬ್ರೇಕು ಕೂರುವ ಜಾಗದ ಅಳತೆ ಎಲ್ಲ ಇದ್ದವು. ಹ್ಯಾಂಡಲ್ಲಿಗೆ ಸೇರುವ ಮೇಲಿನ ಕೊಳವೆ ಕೆಳಗಿನಿಂದ ಮೇಲಿನವರೆಗೆ ಒಂದೇ ದಪ್ಪ ಇರಬೇಕು, ಕೆಳಗೆ ಅಗಲ ಇದ್ದದ್ದು ಬೇಡ ಎಂದು ಅದರ ಕೆಳಗೆ ಎರಡು ಗೆರೆ ಎಳೆದಿದ್ದರು.

ನಾನು ಅದೆಲ್ಲವನ್ನೂ ನೋಡಿಯೇ ಮೊಬೈಲಿನಲ್ಲಿ ಆರ್ಡರ್ ಮಾಡಿದೆ. ಕೊನೆಯ ಗಳಿಗೆಯಲ್ಲಿ ಮಾತ್ರ ಬಣ್ಣ ಕೇಳಿತು. ಕಪ್ಪು ಇತ್ತು, ಕುಂಕುಮದಂಥ ಕೆಂಪು ಇತ್ತು. ಕೆಂಪು ಒತ್ತಿದೆ. ಕೆಂಪನ್ನು ಒತ್ತಿದರೆ ಕೊಳವೆಯೂ ಬದಲಾಗುತ್ತದೆ ಎಂದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತಂತೆ. ಅದನ್ನು ಮನೆಯವರು ಆಮೇಲೆ ತೋರಿಸಿದರು.

ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಪಕ್ಕದಲ್ಲಿ ಕುಳಿತ ಹೆಂಗಸು ಮದುವೆಯ ಸಾಮಾನೇ ಎಂದು ಕೇಳಿದಳು. ಹೌದು ಎಂದುಬಿಟ್ಟೆ, ವಿವರಿಸಲು ಮನಸ್ಸಿರಲಿಲ್ಲ. ಚಾಚಾ ಪೆಟ್ಟಿಗೆ ಬಿಚ್ಚಿ, ಕೊಳವೆಯ ಬುಡಕ್ಕೆ ದಪ್ಪ ಅಳೆಯುವ ವರ್ನಿಯರ್ ಹಿಡಿದು, ಅದನ್ನು ಹಾಗೇ ನನ್ನ ಕಡೆ ತಿರುಗಿಸಿದರು. ಆಮೇಲೆ ಬೀಡಿ ಕಟ್ಟಿನ ಕಾಗದ ಹುಡುಕಿ ಅದನ್ನೂ ನನ್ನ ಕಡೆ ತಿರುಗಿಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಣ್ಣ ಮಾತ್ರ ಚೆನ್ನಾಗಿದೆ ಎಂದು ಅವರು ಹೇಳಿದ್ದು ಸಮಾಧಾನಕ್ಕೋ ಏನೋ ಗೊತ್ತಾಗಲಿಲ್ಲ. ಪೆಟ್ಟಿಗೆ ಹೇಗೆ ಬಂದಿತ್ತೋ ಹಾಗೆ ಕಟ್ಟಿ ವಾಪಸು ಕಳಿಸಿದೆ. ಕಪ್ಪು ಬರಲು ಇನ್ನೂ ಎರಡು ವಾರ ಹಿಡಿಯಿತು. ಆ ಎರಡು ವಾರ ಬೆಳಿಗ್ಗೆ ಮೈದಾನದಲ್ಲಿ ನಡೆದೆ. ಕೈ ನೋವು ಸ್ವಲ್ಪ ಇಳಿಯಿತು. ಅದನ್ನು ಮನೆಯಲ್ಲಿ ಹೇಳಲಿಲ್ಲ.

ಜನವರಿಯ ಒಂದು ಭಾನುವಾರ ಕಪ್ಪು ಚಿಮಟಾ ಕೂಡಿಸಿದೆವು. ಹೊಸ ಚಿಮಟಾದ ಕೊಳವೆ ಬೇಕೆಂದೇ ಉದ್ದ ಇರುತ್ತದೆ, ಸೈಕಲ್ಲಿಗೆ ಸರಿಯಾಗಿ ಕೊಯ್ಯಬೇಕು. ಹೆಚ್ಚು ಕೊಯ್ದರೆ ಹ್ಯಾಂಡಲ್ ಹಿಡಿಯುವುದಿಲ್ಲ, ಮತ್ತೆ ಅಂಟಿಸುವ ಹಾಗೂ ಇಲ್ಲ. ಚಾಚಾ ಮೂರು ಸಲ ಅಳೆದರು. ಆಮೇಲೆ ಪೆನ್ಸಿಲ್ಲನ್ನು ನನ್ನ ಕೈಗೆ ಕೊಟ್ಟು, "ಗೆರಿ ನೀವೇ ಹಾಕ್ರಿ" ಎಂದರು. ತಪ್ಪಾದರೆ ನನ್ನದೇ ಆಗಲಿ ಎಂದಿರಬೇಕು, ಕೆಂಪು ಚಿಮಟಾದ ನೆನಪು ಅವರಿಗೆ ಇನ್ನೂ ಇತ್ತು. ನಾನು ಅಳೆದು ಗೆರೆ ಹಾಕಿದೆ. ಅವರು ಅದಕ್ಕಿಂತ ಒಂದು ಬೆರಳು ಮೇಲೆ ಇನ್ನೊಂದು ಗೆರೆ ಹಾಕಿ, ಅಲ್ಲಿ ಗರಗಸ ಇಟ್ಟರು. ಉಳಿದದ್ದಕ್ಕೆ ವಾಷರ್ ಜೋಡಿಸಿದರೆ ಆಯಿತು ಎಂದರು.

ಎಲ್ಲ ಮುಗಿದು, ಸಣ್ಣ ಪಂಪಿನಿಂದ ಎಪ್ಪತ್ತಮೂರು ಕಿಲೋಕ್ಕೆ ಎಷ್ಟು ಬೇಕೋ ಅಷ್ಟು ಹವಾ ತುಂಬಿದ ಮೇಲೆ ಚಾಚಾ ಹ್ಯಾಂಡಲ್ ಒತ್ತಿದರು. ಚಿಮಟಾ ಕೆಳಗೆ ಹೋಗಿ, ಅವಸರವಿಲ್ಲದೆ ಮೇಲೆ ಬಂತು. ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ ಒತ್ತಿದರು. ಗಡ್ಡದೊಳಗೆ ಏನೋ ಅಂದುಕೊಂಡರು. ಆಮೇಲೆ ಒಂದು ಸುತ್ತು ಹಾಕಿ ನೋಡಲೇ ಎಂದು ಕೇಳಿದರು. ನಾನು ಹೂಂ ಎಂದೆ. ಕೂಡಿಸಿದವರೇ ನೋಡುವುದು ಸರಿ ಅನಿಸಿತು. ನಾನು ಹುಡುಕಿಕೊಟ್ಟ ರಬ್ಬರ್ ಬ್ಯಾಂಡನ್ನು ಪಾಯಿಜಾಮದ ಬಲಗಾಲಿಗೆ ಹಾಕಿಕೊಂಡು ಅವರು ಏರಿದರು. ಓಣಿಯ ತಿರುವಿನಲ್ಲಿ ಕೈ ತೋರಿಸಿ ಮರೆಯಾದರು. ಮಕ್ಕಳ ಓಟದ ಹೊತ್ತು ಅಳೆಯುವ ಅಭ್ಯಾಸಬಲದಿಂದ ನಾನು ಕೈಗಡಿಯಾರದ ಗುಂಡಿ ಒತ್ತಿದೆ.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಒಬ್ಬ ರೈತ ಮಂಠಾಳದಿಂದ ಮೋಟರ್‌ಸೈಕಲ್ಲನ್ನು ಟೆಂಪೊದಲ್ಲಿ ತಂದು ಇಳಿಸಿ ಚಾಚಾ ಎಲ್ಲಿ ಎಂದು ಕೇಳಿದ. ಸೈಕಲ್ ಮೇಲೆ ಹೋಗಿದ್ದಾರೆ ಎಂದೆ. ಅವನು ನನ್ನನ್ನು ಒಮ್ಮೆ ನೋಡಿ, ಯಾರ ಸೈಕಲ್ ಎಂದ. ನನ್ನದು ಎಂದೆ. ಬೇರೆ ಕಡೆ ಕೆಲಸವಿದೆ ಎನ್ನುತ್ತಲೇ ಅವನು ಬೆಂಚಿನ ಮೇಲೆ ಕುಳಿತುಬಿಟ್ಟ.

ಪರದೆ ಸರಿಸಿ ಚಾಚಾನ ಹೆಂಡತಿ ಎರಡು ಕಪ್ಪು ಚಹಾ ತಂದರು. ಅವರನ್ನು ಹಿಂದಿನ ಭಾನುವಾರಗಳಲ್ಲಿ ನೋಡಿದ್ದೆ, ಚಾಚಿ ಎಂದು ಕರೆಯುತ್ತಿದ್ದೆ. ಖಾಲಿ ಸ್ಟೂಲು ನೋಡಿದರು, ಖಾಲಿ ಹಲಗೆ ನೋಡಿದರು.

"ಎಲ್ಲಿ ಹೋಗ್ಯಾರ್ರಿ?"

ಸೈಕಲ್ ನೋಡಲು ಒಂದು ಸುತ್ತು ಹೋಗಿದ್ದಾರೆ ಎಂದೆ. ಎಷ್ಟು ಹೊತ್ತಾಯಿತು ಎಂದು ಕೇಳಿದರು. ಗಡಿಯಾರ ಓಡುತ್ತಲೇ ಇತ್ತು, ಸುಳ್ಳು ಹೇಳುವ ಹಾಗಿರಲಿಲ್ಲ. ಮೂವತ್ತೊಂದು ನಿಮಿಷ ಎಂದೆ.

ಚಾಚಿ ಕಪ್ಪುಗಳನ್ನು ಹಲಗೆಯ ಮೇಲಿಟ್ಟು ಸ್ಟೂಲಿನ ಮೇಲೆ ಕುಳಿತರು. "ಅವರ ಎದ್ಯಾಗ ಸ್ಪ್ರಿಂಗ್ ಕೂಡಿಸ್ಯಾರ್ರಿ. ಎರಡು ವರ್ಷ ಆಯ್ತು. ನಿಮಗ ಹೇಳಿಲ್ಲೇನು?"

ಹೇಳಿರಲಿಲ್ಲ. ಹೃದಯದ ರಕ್ತನಾಳ ಕಟ್ಟಿ, ಹೈದರಾಬಾದಿಗೆ ಒಯ್ದು ಸ್ಟೆಂಟ್ ಹಾಕಿಸಿದ್ದರಂತೆ. ಅಂದಿನಿಂದ ಗಾಡಿ ಓಡಿಸುವುದು ಬಂದ್. ಮಸೀದಿಗೂ ಯಾರಾದರೂ ಜೊತೆಗೆ ಹೋಗುತ್ತಾರೆ. ಓಣಿಯ ತಿರುವು ದಾಟಿ ಒಬ್ಬರೇ ಹೋಗಿ ಎರಡು ವರ್ಷವಾಗಿತ್ತು. ಚಾಚಿ ಇದನ್ನೆಲ್ಲ ದನಿ ಏರಿಸದೆ ಹೇಳಿದರು, ಅದರಿಂದ ನನಗೆ ಇನ್ನೂ ಕಷ್ಟವಾಯಿತು. ಇಪ್ಪತ್ತಾರು ವರ್ಷ ಮಕ್ಕಳಿಗೆ ಓಡುವ ಮೊದಲು ಎದೆನೋವು, ಉಬ್ಬಸ ಏನಾದರೂ ಇದೆಯೇ ಎಂದು ಕೇಳಿ ಕೇಳಿ ಬರೆದುಕೊಂಡವಳು ನಾನು. ಅರವತ್ತೆಂಟರ ಮನುಷ್ಯ ಸೈಕಲ್ ಕೇಳಿದಾಗ ಕಾಲಿಗೆ ರಬ್ಬರ್ ಬ್ಯಾಂಡ್ ಹುಡುಕಿಕೊಟ್ಟವಳೂ ನಾನೇ.

ಫೋನು ಹಚ್ಚಿದೆ. ಅದು ಹಲಗೆಯ ಕೆಳಗಿನ ಡಬ್ಬಿಯಲ್ಲಿ ಗುಂಯ್‌ಗುಟ್ಟಿತು. ರೈತ ಎದ್ದು, ನಾನು ನೋಡಿಕೊಂಡು ಬರುತ್ತೇನೆ ಎಂದು ಮೋಟರ್‌ಸೈಕಲ್ ಒದ್ದ. ಅದು ಕೆಟ್ಟಿದೆ ಎಂದೇ ತಂದಿದ್ದ, ಹೊರಡಲಿಲ್ಲ. ಎದುರಿನ ಅಡತಿ ಶೆಟ್ಟರು ತಮ್ಮ ಗಾಡಿ ತೆಗೆದುಕೊಂಡು ಕೋಟೆಯ ಕಡೆ ಹೋಗಿ ಬಂದರು. ಕಾಣಲಿಲ್ಲ ಎಂದರು. ಚಾಚಿ ನನ್ನ ಕಪ್ಪಿನತ್ತ ಬೆರಳು ಮಾಡಿ, ಆರುತ್ತಿದೆ ಕುಡಿಯಿರಿ ಎಂದರು. ಕುಡಿದೆ.  ಇಬ್ಬರೂ ಓಣಿಯ ತಿರುವನ್ನೇ ನೋಡುತ್ತ ಕುಳಿತೆವು. ಆ ತಿರುವಿನಲ್ಲಿ ಅಷ್ಟು ಹೊತ್ತಿನಲ್ಲಿ ಎಷ್ಟು ಜನ ಬಂದರು ಎಂದು ಈಗಲೂ ಹೇಳಬಲ್ಲೆ.

ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಚಾಚಾ ಬಂದರು. ಮುಖವೆಲ್ಲ ಧೂಳು. ಹ್ಯಾಂಡಲ್ಲಿಗೆ ಹಸಿ ಕಡಲೆ ಗಿಡಗಳ ಒಂದು ಸೂಡು ಕಟ್ಟಿತ್ತು, ಬೇರಿನಲ್ಲಿ ಇನ್ನೂ ಮಣ್ಣು ಇತ್ತು. ನಿಧಾನಕ್ಕೆ ಇಳಿದು, ಸೈಕಲ್ ಗೋಡೆಗೆ ಆನಿಸಿ, ಮೊದಲು ನನ್ನ ಕಡೆ ತಿರುಗಿದರು.

"ನನಗ ಜರಾ ಬಿರುಸು ಆಗ್ತದ. ನಿಮ್ಮ ವಜನ್‌ಗಿ ಬರೋಬರಿ ಅದ. ಹವಾ ತೆಗೀಬ್ಯಾಡ್ರಿ."

ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ. ಮೋರಖಂಡಿಗೆ ಎಂದರು. ಅಲ್ಲಿ ಅವರ ಅಕ್ಕ ಇದ್ದಾಳೆ. ಕಲ್ಲು ದಾರಿ ಹಿಡಿದರೆ ಮಾತ್ರ ಚಿಮಟಾ ಹೇಗಿದೆ ಎಂದು ತಿಳಿಯುತ್ತದೆ, ಡಾಂಬರಿನ ಮೇಲೆ ತಿಳಿಯುವುದಿಲ್ಲ ಎಂದು ಹೊರಟೆ, ಹೊರಟ ಮೇಲೆ ಮೋರಖಂಡಿಯೇ ಬಂತು ಎಂದರು. ಅದು ಊರು ತಾನಾಗಿ ಎದ್ದು ಬಂದ ಹಾಗೆ ಇತ್ತು. ಏರಿನಲ್ಲಿ ಇಳಿದು ನಡೆದೆ ಎಂದು, ಯಾರೂ ಕೇಳದಿದ್ದರೂ, ಹೆಂಡತಿಯ ಕಡೆ ನೋಡದೆ ಹೇಳಿದರು.

ಚಾಚಿ ಎದ್ದು ಕಡಲೆ ಸೂಡು ಬಿಚ್ಚಿಕೊಂಡರು. ಮತ್ತೆ ಸ್ಟೂಲಿನ ಮೇಲೆ ಕುಳಿತು ಒಂದು ಕಾಯಿ ಸುಲಿದರು. ಇನ್ನೊಂದು ಸುಲಿದರು. 

"ಅಕ್ಕ ಆರಾಮ ಅದಾಳ?" ಎಂದು ಕೇಳಿದರು.

ಆರಾಮ ಇದ್ದಾಳೆ, ಕಣ್ಣು ಮಂಜಾಗಿದೆ, ನನ್ನನ್ನು ದನಿಯಿಂದ ಗುರುತಿಸಿದಳು ಎಂದು ಚಾಚಾ ಹೇಳಿದರು. ಎರಡು ವರ್ಷದಲ್ಲಿ ಅಕ್ಕ ಒಂದೇ ಸಲ ಕಲ್ಯಾಣಕ್ಕೆ ಬಂದಿದ್ದಳಂತೆ, ಚಾಚಾ ಆಸ್ಪತ್ರೆಯಿಂದ ಬಂದಾಗ. ಚಾಚಿ ತಲೆ ಆಡಿಸಿದರು. ಆಮೇಲೆ ಗಂಡನಿಗೆ, ಸಾಮಾನಿನ ಚೀಟಿ ಓದುವ ಹಾಗೆ, "ಬ್ಯಾರೆ ಮಂದಿ ಸೈಕಲ್ ಮ್ಯಾಲ ಸಾಯಬ್ಯಾಡ್ರಿ. ಅವರಿಗಿ ತ್ರಾಸ ಆಗ್ತದ" ಎಂದು ಹೇಳಿ, ಕಡಲೆ ಗಿಡ ತೆಗೆದುಕೊಂಡು ಒಳಗೆ ಹೋದರು. ಪರದೆಯ ಆಚೆಯಿಂದ ಸ್ವಲ್ಪ ಹೊತ್ತು ಮೂಗು ಒರೆಸಿಕೊಳ್ಳುವ ಸದ್ದು ಬಂತು. ಚಾಚಾ ಮಂಠಾಳದವನ ಮೋಟರ್‌ಸೈಕಲ್ಲಿನ ಮುಂದೆ ಕೂತು ಬೋಲ್ಟು ಬಿಚ್ಚಲು ಶುರು ಮಾಡಿದರು.  ಗಡಿಯಾರ ಇನ್ನೂ ಓಡುತ್ತಿತ್ತು, ಗುಂಡಿ ಒತ್ತಿ ನಿಲ್ಲಿಸಿದೆ.

ಅಂದು ನಾನು ಕಲ್ಯಾಣದಿಂದ ಹುಮನಾಬಾದಿಗೆ ಸೈಕಲ್ ಮೇಲೇ ಬಂದೆ. ಹೆದ್ದಾರಿ ಸೇರುವ ಮೊದಲು ಹೊಲದ ದಾರಿ ಸಿಕ್ಕಲ್ಲೆಲ್ಲ ಇಳಿಸಿದೆ. ಟ್ರ್ಯಾಕ್ಟರಿನ ಅಚ್ಚುಗಳ ಮೇಲೆ ಗಾಲಿ ಏರಿ ಇಳಿಯುತ್ತಿತ್ತು, ಹ್ಯಾಂಡಲ್ ಮಾತ್ರ ಇದ್ದಲ್ಲೇ ಇತ್ತು. ಮೊದಮೊದಲು ಏನೋ ತಪ್ಪಾಗಿದೆ ಎಂದು ಎರಡು ಸಲ ಇಳಿದು ನೋಡಿದೆ. ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮನೆಯವರು ಹೊರಗೆ ಬಂದು, ಹ್ಯಾಂಡಲ್ ಎರಡು ಸಲ ಒತ್ತಿ, ಮೆತ್ತಗಿದೆ ಎಂದು ಒಳಗೆ ಹೋದರು. ನಾನು ಚಾಚಾನ ವಿಷಯ ಹೇಳಿದೆ. ಅವರು ತಿರುಗಿ ಬಂದು, ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಕೇಳಿ ಬಾ ಎಂದರು.

ಕೇಳಿಕೊಂಡು ಬಂದೆ. ಅದೇ ನೆಪದಲ್ಲಿ ಚಾಚಾ ತಪಾಸಣೆಗೂ ಹೋಗಿ ಬಂದರು. ಸಮದಾರಿಯಲ್ಲಿ ನಿಧಾನಕ್ಕೆ ಸೈಕಲ್ ಹೊಡೆಯಬಹುದು, ಒಳ್ಳೆಯದೇ ಎಂದು ಅಲ್ಲಿಯ ವೈದ್ಯರು ಹೇಳಿದರಂತೆ. ಚಾಚಿ ಅದನ್ನು ವೈದ್ಯರ ಬಾಯಿಂದಲೇ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಫೋನು ಜೇಬಿನಲ್ಲಿರಬೇಕು, ಹದಿನೈದು ದಿನಕ್ಕೊಮ್ಮೆ ಮೋರಖಂಡಿ, ಹೊರಡುವಾಗ ಮತ್ತು ಮುಟ್ಟಿದ ಮೇಲೆ ಹೇಳಬೇಕು, ಏರಿನಲ್ಲಿ ಇಳಿಯಬೇಕು ಎಂದು ಕರಾರಾಯಿತು. ನನ್ನ ಕೈ ಬೇಸಿಗೆಯ ಹೊತ್ತಿಗೆ ಸರಿಹೋಯಿತು. ನಾನು ಸೈಕಲ್ ಬಿಟ್ಟಿದ್ದರಿಂದ ಎಂದು ನಮ್ಮ ವೈದ್ಯರು ಅಂದುಕೊಂಡಿದ್ದಾರೆ.

ಏಪ್ರಿಲ್‌ನಲ್ಲಿ ಚಿಮಟಾದ ಎಣ್ಣೆ ನೋಡಿಸಲು ಹೋದಾಗ ಅಂಗಡಿಯ ಮುಂದೆ ಒಂದು ಹಳೆಯ ಸೈಕಲ್ ನಿಂತಿತ್ತು. ಕರಿ ಬಣ್ಣ, ಹಿಂದೆ ಕ್ಯಾರಿಯರ್, ಮುಂದೆ ಸಾದಾ ಕಬ್ಬಿಣದ ಚಿಮಟಾ. ಚಾಚಾ ತಮಗೆಂದು ಕೊಂಡದ್ದು. ನನಗೆ ಇಷ್ಟು ತಿಳಿದ ಮೇಲೆ ಅವರಿಗೂ ಒಂದು ಶಾಕಪ್ ಆರಿಸಿಕೊಡಬೇಕೆಂದು ಆಸೆಯಾಯಿತು. ಯಾವುದು ಕೂರುತ್ತದೆ, ಯಾವುದು ಕೂರುವುದಿಲ್ಲ ಎಂದು ಐದು ನಿಮಿಷ ಹೇಳಿದೆ. ಅವರು ಪೂರಾ ಕೇಳಿದರು.

"ನನಗ ಬ್ಯಾಡ್ರಿ ಮೇಡಂ," ಎಂದರು. "ಶಾಕಪ್ ಭಾಳ ಆರಾಮ ಅದ. ಎಲ್ಲಿ ತನಕ ಹೋದೆ ಅಂತ ತಿಳಿಯಂಗಿಲ್ಲ."

ನನಗೆ ಸ್ವಲ್ಪ ಬೇಸರವಾಯಿತು, ತೋರಿಸಿಕೊಳ್ಳಲಿಲ್ಲ. ಆ ಸೈಕಲ್ಲಿನ ಸೀಟು ತುಂಬ ಕೆಳಗಿತ್ತು, ಹಾಗೆ ತುಳಿದರೆ ಮಂಡಿ ಹಿಡಿಯುತ್ತದೆ. ಅಷ್ಟನ್ನು ಮಾತ್ರ ಹೇಳಿದೆ. ಅವರು ಒಳಗಿನಿಂದ ಪಾನಾ ತಂದರು. ನಾನು ಸೀಟು ಹಿಡಿದುಕೊಂಡೆ, ಅವರು ಬೋಲ್ಟು ಸಡಿಲಿಸಿದರು.